ಟಿಲ್ಲರ್ ಡಬ್ಬಿಯ ಗ್ರೀಸ್

ವಾಸನೆ ಮೊದಲು ಗೊತ್ತಾದದ್ದು ಅಮ್ಮನಿಗೆ. ‘ಎಂತದೋ ಕರಟಿದ ವಾಸನೆ ಬರ್ತಿದೆಯಲ್ಲ ಮಗಾ’ ಎಂದಳು. ಜುಲೈ ತಿಂಗಳ ಬೆಳಗು, ಆಗುಂಬೆ ಘಾಟಿಯ ಇಳಿಜಾರು, ಕಾರಿನ ಮೂತಿಯಿಂದಾಚೆ ಹತ್ತು ಮಾರು ಕಾಣದಂಥ ಮಂಜು. ಉಡುಪಿಯಲ್ಲಿ ಅವಳ ಕಣ್ಣಿನ ತಪಾಸಣೆಗೆ ಹತ್ತೂವರೆಯ ಸಮಯ ಕೊಟ್ಟಿದ್ದರು. ‘ಮುಂದೆ ಹೋದ ಮಿನಿ ಬಸ್ಸಿಂದಿರಬೇಕು’ ಎಂದು ಹೇಳಿ ನಾನು ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಕಾರು ನಿಧಾನವಾಯಿತು, ಆದರೆ ಎಡಕ್ಕೆ ಎಳೆಯಿತು. ಅದರ ನಂತರದ ತಿರುವಿನಲ್ಲಿ ಪೆಡಲ್ ಒತ್ತಿದರೆ ಹದ ತಪ್ಪಿದ ಗದ್ದೆಯ ಕೆಸರಿಗೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗಿಳಿಯಿತು.

ಆಮೇಲಿನ ಅರ್ಧ ನಿಮಿಷವನ್ನು ಈಗಲೂ ಸರಿಯಾದ ಕ್ರಮದಲ್ಲಿ ನೆನೆಯಲಾರೆ. ಗೇರು ಎರಡರಲ್ಲಿತ್ತು, ಅದೇ ನಮ್ಮನ್ನು ಉಳಿಸಿತು. ಪೆಡಲನ್ನು ಬೇಗ ಬೇಗ ತುಳಿದೆ. ಮೂರನೆಯದೋ ನಾಲ್ಕನೆಯದೋ ತುಳಿತಕ್ಕೆ ಒಂದಿಷ್ಟು ಬಿಗಿ ಸಿಕ್ಕಿತು. ಒಂದನೇ ಗೇರಿಗೆ ಇಳಿಸಿದೆ, ಎಂಜಿನ್ ಕಿರುಚಿತು, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಗುಡ್ಡದ ಬದಿಯ ಚರಂಡಿಗೆ ಚಕ್ರ ಒರಗಿಸಿ ನಿಲ್ಲಿಸಿದೆ. ಅಮ್ಮ ಕೇಳಿದ್ದು ಒಂದೇ: ‘ಬಂತಾ ಉಡುಪಿ?’ ಕಣ್ಣಿಗೆ ಪೊರೆ ಬಂದಿದ್ದ ಅವಳಿಗೆ ಹೊರಗಿನದು ಏನೂ ಕಾಣುತ್ತಿರಲಿಲ್ಲ.

ಎಡಗಡೆಯ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಆ ಚಕ್ರದ ಬ್ರೇಕನ್ನು ಒಂಬತ್ತು ತಿಂಗಳ ಹಿಂದೆ ಬಿಚ್ಚಿ ಕೂರಿಸಿದವನು ನಾನೇ.

ನಾನು ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಪಾಸ್ಕಲನ ನಿಯಮ ಬಂದಾಗಲೆಲ್ಲ ಹಲಗೆಯ ಮೇಲೆ ಕಾರಿನ ಬ್ರೇಕಿನ ಚಿತ್ರ ಬರೆದು, ಇಲ್ಲಿ ಕಾಲಿನಿಂದ ಒತ್ತಿದ್ದು ಅಲ್ಲಿ ಹೇಗೆ ಹಲವು ಪಟ್ಟಾಗುತ್ತದೆ ಎಂದು ಹದಿನೆಂಟು ವರ್ಷದಿಂದ ವಿವರಿಸುತ್ತ ಬಂದಿದ್ದೇನೆ. ಹಿಂದಿನ ನವರಾತ್ರಿ ರಜೆಯಲ್ಲಿ ಮುಂದಿನ ಬ್ರೇಕ್ ಪ್ಯಾಡ್ ಸವೆದದ್ದು ಗೊತ್ತಾದಾಗ, ಇದನ್ನು ನಾನೇ ಮಾಡಬೇಕು ಅನ್ನಿಸಿತು. ದುಡ್ಡು ಉಳಿಸುವ ಮಾತಾಗಿರಲಿಲ್ಲ. ಇಷ್ಟು ವರ್ಷ ಚಿತ್ರ ಬರೆದದ್ದನ್ನು ಕೈಯಲ್ಲಿ ಹಿಡಿಯುವ ಆಸೆ. ಆ ಆಸೆ ತಪ್ಪೆಂದು ಇಂದಿಗೂ ನನಗನ್ನಿಸುವುದಿಲ್ಲ. ತಪ್ಪಾದದ್ದು ಕೆಲಸದ ನಡುವೆ.

ನಮ್ಮಂಥ ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿರುವುದು ತೇಲುವ ಕ್ಯಾಲಿಪರ್. ತಿರುಗುವ ಡಿಸ್ಕಿನ ಎರಡೂ ಬದಿಗೆ ಒಂದೊಂದು ಪ್ಯಾಡ್ ಇದ್ದರೂ ಒತ್ತುವ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಅದರ ಎದುರೇಟಿಗೆ ಇಡೀ ಕ್ಯಾಲಿಪರ್ ಹಿಂದಕ್ಕೆ ಸರಿಯುತ್ತದೆ, ಸರಿಯುತ್ತ ಹೊರಗಿನ ಪ್ಯಾಡನ್ನು ಇನ್ನೊಂದು ಬದಿಯಿಂದ ಡಿಸ್ಕಿಗೆ ಎಳೆದು ಕೂರಿಸುತ್ತದೆ. ಹೀಗೆ ಸರಿಯಲು ಅದಕ್ಕಿರುವ ದಾರಿ ಬೆರಳು ಗಾತ್ರದ ಎರಡು ಉಕ್ಕಿನ ಕಡ್ಡಿಗಳು. ಅವೇ ಗೈಡ್ ಪಿನ್ನುಗಳು. ಸರಿಯುವ ದೂರ ಹೆಚ್ಚೆಂದರೆ ಒಂದು ಕೂದಲೆಳೆಯಷ್ಟು, ಆದರೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಬಿಟ್ಟಾಗಲೂ ಸರಿಯಲೇಬೇಕು. ನ್ಯೂಟನ್ನನ ಮೂರನೆಯ ನಿಯಮ ಈ ಎರಡು ಕಡ್ಡಿಗಳ ಮೇಲೆ ಕೂತಿದೆ. ಅದನ್ನೂ ನಾನು ಪಾಠ ಮಾಡುತ್ತೇನೆ, ಆದರೆ ಹಲಗೆಯ ಮೇಲಿನ ನನ್ನ ಚಿತ್ರದಲ್ಲಿ ಪಿನ್ನುಗಳು ಎಂದೂ ಇರಲಿಲ್ಲ.

ಅಂದು ಕ್ಯಾಲಿಪರ್ ಬಿಚ್ಚಿದಾಗ ಪಿನ್ನುಗಳು ಒಣಗಿದ್ದವು. ಹಳೆಯ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿತ್ತು. ಹೊಸ ಪ್ಯಾಡ್ ತಂದಿದ್ದ ಅಂಗಡಿಯಲ್ಲಿ ‘ಕ್ಯಾಲಿಪರ್ ಗ್ರೀಸ್ ಬೇಕಾ ಸರ್?’ ಎಂದು ಕೇಳಿದ್ದರು. ಬೆರಳುದ್ದದ ಪೊಟ್ಟಣ. ಮನೆಯಲ್ಲಿ ಗ್ರೀಸ್ ಇದೆ ಎಂದು ಬಂದಿದ್ದೆ. ಇದ್ದದ್ದು ನಿಜ: ಟಿಲ್ಲರಿಗೆ ಹಾಕುವ ಹಳದಿ ಗ್ರೀಸಿನ ಒಂದು ಕೆಜಿ ಡಬ್ಬಿ, ತೋಟದ ಮನೆಯ ಕಪಾಟಿನಲ್ಲಿ. ಪಿನ್ನುಗಳನ್ನು ಒರೆಸಿ ಆ ಗ್ರೀಸನ್ನು ಧಾರಾಳವಾಗಿ ಮೆತ್ತಿ ತೂರಿಸಿದೆ. ಎಷ್ಟು ಚೆನ್ನಾಗಿ ಜಾರಿತೆಂದರೆ ಎರಡು ಮೂರು ಸಲ ಹಿಂದೆ ಮುಂದೆ ಆಡಿಸಿ ಅಮ್ಮನನ್ನೂ ಕರೆದು ತೋರಿಸಿದೆ. ಪಿನ್ನಿನ ಬಾಯಿಗೆ ತೊಡಿಸುವ ರಬ್ಬರ್ ಬೂಟಿನಲ್ಲಿ ಅಕ್ಕಿಕಾಳಿನಷ್ಟು ಸೀಳಿತ್ತು. ಅದು ಕಣ್ಣಿಗೆ ಬಿದ್ದಿತ್ತು, ಇಷ್ಟಕ್ಕೇನಾಗುತ್ತದೆ ಎಂದು ಅದನ್ನೇ ತೊಡಿಸಿದೆ. ಎರಡು ಪಿನ್ನುಗಳಲ್ಲಿ ಒಂದರ ತುದಿಗೆ ರಬ್ಬರಿನ ತೋಳು ಇತ್ತು, ಇನ್ನೊಂದು ಬರಿಯ ಉಕ್ಕು. ಎರಡನ್ನೂ ಒಟ್ಟಿಗೆ ತೆಗೆದು ಒಂದೇ ಬಟ್ಟೆಯ ಮೇಲೆ ಇಟ್ಟಿದ್ದರಿಂದ ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ನೆನಪಿರಲಿಲ್ಲ. ಎರಡೂ ತೂತಿಗೆ ಎರಡೂ ಹಿಡಿಯುತ್ತವಲ್ಲ ಎಂದು ಊಹೆಯ ಮೇಲೆ ಹಾಕಿದೆ.

ಮರುದಿನ ಆಯುಧಪೂಜೆ. ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಗಳ ಅಡಿಗೆ ನಿಂಬೆಹಣ್ಣಿಟ್ಟೆವು. ‘ಬ್ರೇಕೆಲ್ಲ ನಮ್ಮ ಮಗನೇ ಮಾಡಿದ್ದು’ ಎಂದು ಅಮ್ಮ ಬಂದವರಿಗೆಲ್ಲ ಹೇಳಿದಳು. ಕೊಪ್ಪದಿಂದ ಅಕ್ಕ, ಭಾವ ಬಂದಿದ್ದರು. ‘ನಂದೂ ಒಂಚೂರು ನೋಡು ಮಾರಾಯ’ ಎಂದರು ಭಾವ. ಅವರ ಕಾರಿನ ಮುಂದಿನ ಎರಡೂ ಚಕ್ರ ಬಿಚ್ಚಿ ಅದೇ ಡಬ್ಬಿಯಿಂದ ಗ್ರೀಸ್ ಹಾಕಿ ಕೊಟ್ಟೆ.

ಸೂಚನೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ಮಾರ್ಚಿನಿಂದಲೇ ಎಡ ಚಕ್ರದ ರಿಮ್ಮಿನಲ್ಲಿ ಬಲಗಡೆಗಿಂತ ಹೆಚ್ಚು ಕಪ್ಪು ಧೂಳು ಕೂರುತ್ತಿತ್ತು. ಸಮತಟ್ಟಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಮೊದಲಿನಷ್ಟು ದೂರ ಉರುಳುತ್ತಿರಲಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತಿತ್ತು. ಒಂದು ಸಂಜೆ ತೀರ್ಥಹಳ್ಳಿ ಪೇಟೆಯಿಂದ ಬಂದು ಇಳಿದಾಗ ಎಡ ಚಕ್ರದ ಹತ್ತಿರ ಕೈ ಹಿಡಿಯಲಾಗದಷ್ಟು ಕಾವು. ಒಂದೊಂದಕ್ಕೂ ನನ್ನ ಬಳಿ ಒಂದೊಂದು ಸಮಾಧಾನವಿತ್ತು: ರಸ್ತೆಯ ಧೂಳು, ಅಡಿಕೆ ಮೂಟೆಯ ಭಾರ, ಟೈರಿನ ಗಾಳಿ. ಬೇರೆಯವರು ಮಾಡಿದ ಕೆಲಸವಾಗಿದ್ದರೆ ಮೊದಲ ದಿನವೇ ಸಂಶಯಪಡುತ್ತಿದ್ದೆ.

ಘಾಟಿಯ ತಿರುವಿಗೆ ಮರಳುತ್ತೇನೆ. ಹೊಗೆ ಕಂಡ ಗಾಬರಿಗೆ ನೀರಿನ ಬಾಟಲಿ ತೆಗೆದು ಚಕ್ರದ ಮೇಲೆ ಸುರಿಯಲು ಹೊರಟಿದ್ದೆ. ಮೇಲಿನಿಂದ ಬಂದ ಜೀಪಿನವರು ಕೂಗಿ ತಡೆದರು. ‘ಬೇಡ, ಬೇಡ. ಕಾದ ಡಿಸ್ಕಿಗೆ ನೀರು ಹಾಕಿದ್ರೆ ಸೊಟ್ಟ ಆಗ್ತದೆ, ಬಿರುಕೂ ಬಿಡಬಹುದು. ಹಾಗೇ ಆರಲಿ.’ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟವರೂ ಅವರೇ, ಹೆಬ್ರಿಯ ತಮ್ಮ ಪರಿಚಯದ ಮೇಸ್ತ್ರಿಗೆ ಫೋನು ಮಾಡಿದವರೂ ಅವರೇ. ಸ್ವಲ್ಪ ಹೊತ್ತಿಗೆ ಬಂದ ಉಡುಪಿ ಬಸ್ಸಿಗೆ ಅಮ್ಮನನ್ನು ಹತ್ತಿಸಿ, ಕಂಡಕ್ಟರಿಗೆ ಹೇಳಿ, ಉಡುಪಿಯಲ್ಲಿದ್ದ ಚಿಕ್ಕಮ್ಮನ ಮಗನಿಗೆ ಬಸ್ ನಿಲ್ದಾಣಕ್ಕೆ ಬರಲು ತಿಳಿಸಿದೆ. ‘ಬ್ರೇಕ್ ಸ್ವಲ್ಪ ಬಿಸಿ ಆಗಿದೆ, ಮಳೆಗೆ ಹಾಗಾಗ್ತದೆ’ ಎಂದೆ ಅವಳಿಗೆ. ಮಳೆಗೆ ಹಾಗಾಗುವುದಿಲ್ಲ.

ಮೇಸ್ತ್ರಿ ಬರುವ ತನಕ ತಿರುವಿನಲ್ಲಿ ಒಬ್ಬನೇ ನಿಂತು ಲೆಕ್ಕ ಹಾಕಿದೆ. ಒಂದು ಟನ್ ತೂಕದ ಕಾರು ಅರ್ಧ ಕಿಲೋಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 50 ಲಕ್ಷ ಜೂಲ್. ಹದಿನೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಕಾವು. ತಗ್ಗಿನ ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಿನ್ನುತ್ತದೆ, ಉಳಿದದ್ದನ್ನು ಬ್ರೇಕುಗಳು ಹಂಚಿಕೊಳ್ಳಬೇಕು. ನನ್ನ ಕಾರಿನ ಎಡ ಚಕ್ರದಲ್ಲಿ ಕ್ಯಾಲಿಪರ್ ಹಿಂದೆ ಸರಿಯದೆ, ನಾನು ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇತ್ತು. ಆ ಕಾವು ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಬ್ರೇಕ್ ಆಯಿಲಿಗೆ ಏರಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದೆಂದು ನಿಯಮವಿದೆ. ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು ನಾನು ಆಗುಂಬೆ ಸೀಮೆಯ ಮಳೆಯಲ್ಲಿ ಐದು ವರ್ಷ ಹಾಗೇ ಬಿಟ್ಟಿದ್ದೆ. ಅದು ಕುದಿದು ಆವಿಯ ಗುಳ್ಳೆಯಾಯಿತು. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪಾಸ್ಕಲನ ನಿಯಮದ ಪಾಠವನ್ನು ನಾನು ಶುರುಮಾಡುವುದೇ ಈ ವಾಕ್ಯದಿಂದ.

ಮೇಸ್ತ್ರಿ ಬಂದದ್ದು ಒಂದೂವರೆ ಗಂಟೆಯ ಮೇಲೆ, ಬೈಕಿನಲ್ಲಿ, ರೈನ್‌ಕೋಟ್ ಹಾಕಿಕೊಂಡು. ಅರವತ್ತರ ಆಸುಪಾಸಿನವರು. ಆ ಹೊತ್ತಿಗೆ ಚಕ್ರ ಆರಿತ್ತು, ಪೆಡಲಿಗೆ ಬಿಗಿಯೂ ಮರಳಿತ್ತು. ಹಾಗೆ ಮರಳುವುದೇ ಅಪಾಯ ಎಂದರು ಅವರು. ಸರಿಹೋಯಿತೆಂದು ಜನ ಹೊರಟುಬಿಡುತ್ತಾರೆ, ಮುಂದಿನ ಇಳಿಜಾರಿನಲ್ಲಿ ಮತ್ತೆ ಅದೇ. ನನಗೆ ಬೈಕಿನ ಕೀಲಿ ಕೊಟ್ಟು ಕಾರಿನ ಸ್ಟೇರಿಂಗ್ ತಾವೇ ಹಿಡಿದರು. ನಾನು ಹಿಂದಿನಿಂದ ಬಂದೆ. ಒಂದನೇ ಗೇರು, ನಡೆಯುವವನ ವೇಗ, ಉಳಿದ ಅಷ್ಟೂ ತಿರುವುಗಳಲ್ಲಿ ಹಿಂದಿನ ಕೆಂಪು ದೀಪ ಹೊತ್ತಿದ್ದು ಎರಡೇ ಸಲ. ಈ ಘಾಟಿಯನ್ನು ನಾನು ನೂರಾರು ಸಲ ಇಳಿದಿದ್ದೇನೆ, ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತ.

ಹೆಬ್ರಿಯ ಅವರ ಶೆಡ್ಡಿನಲ್ಲಿ ಚಕ್ರ ಬಿಚ್ಚಿದಾಗ ಡಿಸ್ಕಿನ ಮೇಲೆ ನೀಲಿ ಛಾಯೆ ಹರಡಿತ್ತು. ಒಳಗಿನ ಪ್ಯಾಡ್ ಸವೆದು ಉಕ್ಕಿನ ತಗಡು ಮುಟ್ಟುವುದರಲ್ಲಿತ್ತು, ಹೊರಗಿನದು ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ‘ಎರಡು ಪ್ಯಾಡು ಹೀಗೆ ಹೆಚ್ಚುಕಮ್ಮಿ ಸವೆದ್ರೆ ಮೊದಲು ಪಿನ್ನು ನೋಡಬೇಕು, ಹೆಚ್ಚಾಗಿ ಅದೇ ಜಾಮ್ ಆಗಿರ್ತದೆ’ ಎಂದರು. ಮೇಲಿನ ಪಿನ್ನು ಕೈಗೆ ಬಂತು. ಕೆಳಗಿನದು ಬರಲಿಲ್ಲ. ಗ್ರಿಪ್ ಪ್ಲೈಯರಿನಲ್ಲಿ ಕಚ್ಚಿ, ತಿರುಚಿ ತಿರುಚಿ ಎಳೆದಾಗ ಕೊನೆಗೆ ಹೊರಬಂತು. ಅದರ ತುದಿಯ ರಬ್ಬರ್ ತೋಳು ಮಳೆಯಲ್ಲಿ ನೆನೆದ ಹಪ್ಪಳದಂತೆ ಉಬ್ಬಿತ್ತು. ಸೀಳಿದ್ದ ಬೂಟು ತನ್ನ ಗೀರಿನಿಂದ ಕಳಚಿ, ಒಳಗೆ ಕೆಂಪು ಕೆಸರು, ತುಕ್ಕು, ಹಳದಿ ಗ್ರೀಸು ಮೂರೂ ಕಲೆಸಿಕೊಂಡಿದ್ದವು.

ಮೇಸ್ತ್ರಿ ಆ ಗ್ರೀಸನ್ನು ಬೆರಳಲ್ಲಿ ತೆಗೆದು ಮೂಸಿದರು. ‘ಇದು ಟಿಲ್ಲರಿಗೆ ಹಾಕುವ ಗ್ರೀಸಲ್ವಾ! ಯಾರು ಮಾರಾಯ್ರೇ ಇದನ್ನು ಮಾಡಿದ್ದು?’

‘ಊರಲ್ಲಿ ಒಬ್ಬರು’ ಎಂದೆ.

ಆ ಸುಳ್ಳು ಬಾಯಿಂದ ಬೀಳಲು ಒಂದು ಕ್ಷಣವೂ ಹಿಡಿಯಲಿಲ್ಲ. ಅವರು ತಲೆ ಆಡಿಸಿ ಪಿನ್ನು ಒರೆಸುತ್ತ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: ‘ಅವ ಇನ್ನು ಎಷ್ಟು ಗಾಡಿಗೆ ಇದನ್ನೇ ಹಾಕಿ ಬಿಟ್ಟಿದ್ದಾನೋ.’

ಭಾವನ ಕಾರು ನೆನಪಾಯಿತು. ದಿನಾ ಬೆಳಿಗ್ಗೆ ಇಬ್ಬರು ಮಕ್ಕಳನ್ನು ಶಾಲೆಗೆ ಬಿಡುವ ಕಾರು. ಕೊಪ್ಪದಲ್ಲಿ ಏರಿಳಿತವಿಲ್ಲದ ರಸ್ತೆ ಎಲ್ಲಿದೆ? ಬೆಳಿಗ್ಗೆ ಘಾಟಿಯಲ್ಲಿ ನಡುಗದಿದ್ದ ಕೈ ಆಗ ನಡುಗಿತು. ‘ನಾನೇ ಮಾಡಿದ್ದು’ ಎಂದೆ. ಅವರು ಬಯ್ಯಲಿಲ್ಲ. ಸ್ಟೂಲು ತೋರಿಸಿ ‘ಕೂತ್ಕೊಳ್ಳಿ ಮಾಸ್ಟ್ರೇ. ಮೊದಲು ಅವರಿಗೆ ಫೋನು ಮಾಡಿ. ಆಮೇಲೆ ಇದನ್ನು ಸರಿ ಕಣ್ಣಿಟ್ಟು ನೋಡಿ’ ಎಂದರು.

ಫೋನು ಮಾಡಿದೆ. ಆದರೆ ನಿಜ ಹೇಳಲಿಲ್ಲ. ‘ಭಾವ, ನಿಮ್ಮ ಗಾಡಿಯ ಬ್ರೇಕ್ ಒಂದ್ಸಲ ನೋಡ್ಬೇಕಿತ್ತು, ಭಾನುವಾರ ಬರ್ತೀನಿ. ಅಲ್ಲಿ ತನಕ ಆದಷ್ಟು ತೆಗೀಬೇಡಿ’ ಎಂದೆ. ಯಾಕೆಂದು ಅವರು ಕೇಳಿದಾಗ ‘ಸುಮ್ನೆ, ಮಳೆಗಾಲ ಅಲ್ವಾ’ ಎಂದೆ. ಅಂದು ಗುರುವಾರ.

ಹೊಸ ಪಿನ್ನು, ಬೂಟುಗಳ ಕಿಟ್ ಮಂಗಳೂರಿನಿಂದ ಬಸ್ಸಿನಲ್ಲಿ ಮರುದಿನ ಮಧ್ಯಾಹ್ನ ಬಂತು. ಆ ಮಧ್ಯಾಹ್ನ ಕಲಿತದ್ದನ್ನು ವಿವರವಾಗಿಯೇ ಬರೆಯುತ್ತೇನೆ. ನನ್ನ ಹಾಗೆ ಮನೆಯಂಗಳದಲ್ಲಿ ಚಕ್ರ ಬಿಚ್ಚುವವರು ಅನೇಕರಿದ್ದಾರೆ.

ಎಲ್ಲಕ್ಕೂ ಮೊದಲು ರಬ್ಬರಿನ ವಿಷಯ. ಬ್ರೇಕ್ ಆಯಿಲ್ ಎಂದು ನಾವೆಲ್ಲ ಕರೆಯುವುದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಮೂಲದ, ನೀರಿನ ಜೊತೆ ಬೆರೆಯುವ ದ್ರವಗಳು. ಅವಕ್ಕೆ ಒಗ್ಗುವಂತೆ ಬ್ರೇಕಿನ ಭಾಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ಇಪಿಡಿಎಂ ಎಂಬ ರಬ್ಬರು. ಗ್ಲೈಕಾಲ್ ಅದಕ್ಕೆ ಏನೂ ಮಾಡುವುದಿಲ್ಲ, ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಹೀರಿಕೊಂಡು ಉಬ್ಬುತ್ತದೆ. ಟಿಲ್ಲರಿನ ಗ್ರೀಸು, ಬೇರಿಂಗಿನ ಗ್ರೀಸು, ಎಂಜಿನ್ ಆಯಿಲ್ ಎಲ್ಲವೂ ಪೆಟ್ರೋಲಿಯಂ ಕುಲದವೇ. ಹಾಕಿದ ದಿನ ಚೆನ್ನಾಗಿಯೇ ಜಾರುತ್ತದೆ. ರಬ್ಬರು ಉಬ್ಬಲು ವಾರಗಳು, ತಿಂಗಳುಗಳು ಬೇಕು. ನಾನು ಅಮ್ಮನನ್ನು ಕರೆದು ತೋರಿಸಿದ ಆ ನುಣುಪಿಗೆ ಯಾವ ಅರ್ಥವೂ ಇರಲಿಲ್ಲ. ಇಲ್ಲಿ ಬೇಕಾದದ್ದು ಕ್ಯಾಲಿಪರ್ ಪಿನ್ನಿಗೆಂದೇ ಮಾಡಿದ, ರಬ್ಬರಿಗೆ ಒಗ್ಗುವ, ಕಾವು ತಡೆಯುವ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸ್. ಅಂದು ಅಂಗಡಿಯವರು ಕೊಡಲು ಬಂದಿದ್ದ ಆ ಬೆರಳುದ್ದದ ಪೊಟ್ಟಣ.

ಮೇಸ್ತ್ರಿ ಒಂದು ಚಕ್ರ ಮುಗಿಯುವ ತನಕ ಇನ್ನೊಂದನ್ನು ಮುಟ್ಟಲಿಲ್ಲ, ಒಂದು ಪಿನ್ನು ಮುಗಿಯುವ ತನಕ ಇನ್ನೊಂದನ್ನು ತೆಗೆಯಲಿಲ್ಲ. ರಬ್ಬರ್ ತೋಳಿನ ಪಿನ್ನು ಯಾವ ತೂತಿಗೆ ಎನ್ನುವುದು ಕಾರಿನಿಂದ ಕಾರಿಗೆ ಬೇರೆ. ಬಲ ಚಕ್ರವನ್ನೂ ಬಿಚ್ಚಿ ಹೋಲಿಸಿ ನೋಡಿದಾಗ ಎಡಗಡೆ ನಾನು ಅದಲು ಬದಲು ಮಾಡಿದ್ದು ಖಾತ್ರಿಯಾಯಿತು. ಬಿಚ್ಚಿದ ಕ್ಯಾಲಿಪರನ್ನು ಅವರು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದರು. ನಾನು ಅದನ್ನು ಬ್ರೇಕ್ ಹೋಸಿನಿಂದಲೇ ನೇತಾಡಲು ಬಿಟ್ಟಿದ್ದೆ. ಹೋಸಿನ ಒಳಪದರ ಹಾಗೆ ಹರಿದರೆ ಹೊರಗೆ ಗೊತ್ತೇ ಆಗುವುದಿಲ್ಲ. ಪಿನ್ನಿನ ತೂತನ್ನು ಬ್ರೇಕ್ ಕ್ಲೀನರ್ ಮತ್ತು ಸಣ್ಣ ಬ್ರಷ್ಷಿನಿಂದ ಬಟ್ಟೆ ಬೆಳ್ಳಗೆ ಬರುವ ತನಕ ತೊಳೆದರು. ಎಮರಿ ಪೇಪರ್ ಹಾಕಿ ತಿಕ್ಕಲೇ ಎಂದು ಕೇಳಿದೆ. ಬೇಡ, ತೂತು ದೊಡ್ಡದಾದರೆ ಪಿನ್ನು ಕಟಕಟ ಆಡುತ್ತದೆ ಎಂದರು. ಪಿನ್ನಿನ ಮೇಲೆ ಉಗುರಿಗೆ ತಾಗುವಂಥ ತುಕ್ಕಿನ ಗುಳಿ ಇದ್ದರೆ ಅದನ್ನು ಉಜ್ಜಿ ಹೊಳಪಿಸಿ ಹಾಕುವುದೂ ಬೇಡ, ಬದಲಿಸುವುದೇ ಸರಿ.

ಗ್ರೀಸ್ ಎಷ್ಟು ಎನ್ನುವಲ್ಲಿ ನನಗೆ ನಿಜವಾಗಿ ಅಚ್ಚರಿಯಾಯಿತು. ಪಿನ್ನಿನ ಉದ್ದಕ್ಕೂ ತೆಳ್ಳಗೆ, ಬಣ್ಣ ಬದಲಾಗುವಷ್ಟು ಮಾತ್ರ. ತೂತಿನ ತಳ ಮುಚ್ಚಿರುತ್ತದೆ. ಗ್ರೀಸ್ ತುಂಬಿಸಿದರೆ ಅದೂ ಅದರ ಹಿಂದೆ ಸಿಕ್ಕಿಬಿದ್ದ ಗಾಳಿಯೂ ಪಿನ್ನನ್ನು ಒಳಗೆ ಹೋಗಲು ಬಿಡದೆ ಹಿಂದಕ್ಕೆ ತಳ್ಳುತ್ತವೆ. ಪಿನ್ನನ್ನು ಪೂರ್ತಿ ಒಳಗೆ ಒತ್ತಿ, ಬೂಟಿನ ತುಟಿಯನ್ನು ಬೆರಳಲ್ಲಿ ಒಂಚೂರು ಎತ್ತಿ ಗಾಳಿ ಬಿಟ್ಟು, ಮತ್ತೆ ತುಟಿಯನ್ನು ಗೀರಿನಲ್ಲಿ ಸುತ್ತಲೂ ಕೂರಿಸಿದರು. ಎರಡು ಬೆರಳಲ್ಲಿ ತಳ್ಳಿದರೆ ಸರಾಗ ಹೋಗಬೇಕು, ಎಲ್ಲಿಯೂ ತಡೆಯಬಾರದು, ಸಡಿಲವಾಗಿ ಅಲುಗಲೂಬಾರದು. ‘ನೀವು ಮಾಡಿ’ ಎಂದು ಎರಡನೆಯ ಪಿನ್ನು ನನ್ನ ಕೈಗೆ ಕೊಟ್ಟರು. ಬೂಟಿನ ತುಟಿ ಕೂರಿಸಲು ನನಗೆ ಐದು ನಿಮಿಷ ಹಿಡಿಯಿತು. ಅವರು ಕಾದರು.

ಪಿಸ್ಟನ್ನನ್ನು ಸಿ ಕ್ಲ್ಯಾಂಪಿನಲ್ಲಿ ನಿಧಾನ ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕದಂತೆ ನೋಡಿಕೊಳ್ಳಬೇಕು, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ. ಪಿನ್ನಿನ ಬೋಲ್ಟುಗಳು ಸಣ್ಣವು, ತೋಳ್ಬಲ ಹಾಕಿ ಬಿಗಿದರೆ ಮುರಿಯುತ್ತವೆ. ಬ್ರಾಕೆಟ್ಟಿನ ಬೋಲ್ಟಿಗೆ ಬೇಕಾದ ಬಿಗಿ ಅದಕ್ಕಿಂತ ಬಹಳ ಹೆಚ್ಚು. ಎರಡಕ್ಕೂ ಆ ಕಾರಿನ ಕೈಪಿಡಿಯ ಲೆಕ್ಕ, ಟಾರ್ಕ್ ರೆಂಚ್ ಬೇಕು. ಡಿಸ್ಕ್, ಪ್ಯಾಡುಗಳು ಹೊಸದಾದವು, ಹಳೆಯ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿ ಗಾಳಿ ಬಿಟ್ಟರು. ಹೊರಡುವ ಮೊದಲು, ಎಂಜಿನ್ ಶುರು ಮಾಡುವುದಕ್ಕೂ ಮೊದಲು, ಪೆಡಲನ್ನು ಗಟ್ಟಿಯಾಗುವ ತನಕ ತುಳಿಯಲು ಹೇಳಿದರು. ಇಲ್ಲದಿದ್ದರೆ ಮೊದಲ ಒತ್ತಿಗೆ ಪಿಸ್ಟನ್ ಪ್ಯಾಡನ್ನೇ ಮುಟ್ಟುವುದಿಲ್ಲ.

ಭಾನುವಾರ ಕಿಟ್ ಮತ್ತು ಗ್ರೀಸ್ ಪೊಟ್ಟಣ ಹಿಡಿದು ಕೊಪ್ಪಕ್ಕೆ ಹೋದೆ. ಅಂಗಳದಲ್ಲಿ ಕಾರಿನ ಟೈರಿಗೆ ಹಸಿ ಕೆಸರು ಮೆತ್ತಿತ್ತು. ‘ನಿನ್ನೆ ಮಕ್ಕಳನ್ನ ಬಿಟ್ಟು ಬಂದೆ, ವಿಪರೀತ ಮಳೆ’ ಎಂದರು ಭಾವ. ಅದರಲ್ಲಿ ಅವರ ತಪ್ಪು ಏನೂ ಇರಲಿಲ್ಲ. ‘ಸುಮ್ನೆ’ ಎಂದವನು ನಾನು. ಬಲ ಚಕ್ರದ ಪಿನ್ನುಗಳು ಬಿಗಿಯಾಗಿದ್ದರೂ ಬಂದವು. ಎಡಗಡೆಯ ಕೆಳಗಿನದು ಬರಲಿಲ್ಲ. ಮೇಸ್ತ್ರಿ ಮಾಡಿದ ಹಾಗೆಯೇ ಕಚ್ಚಿ, ತಿರುಚಿ ಎಳೆದೆ. ಅದೇ ಉಬ್ಬಿದ ರಬ್ಬರು, ಅದೇ ಹಳದಿ. ಒಳಗಿನ ಪ್ಯಾಡಿನಲ್ಲಿ ಉಳಿದದ್ದು ಎರಡು ಮಿಲಿಮೀಟರೂ ಇರಲಿಲ್ಲ. ಅದನ್ನು ಹಿಡಿದು ನೆಲದ ಮೇಲೆ ಕೂತಿದ್ದಾಗ ಅಕ್ಕ ಕಾಫಿ ಹಿಡಿದು ಬಂದಳು. ಪ್ಯಾಡ್ ನೋಡಿದಳು, ನನ್ನ ಮುಖ ನೋಡಿದಳು.

‘ಅಮ್ಮ ಕೂತಿದ್ದಾಗ ಘಾಟಿಯಲ್ಲಿ ಆದದ್ದು ಇದೇನಾ?’

‘ಹೌದು.’

‘ನೀನು ಹಾಕಿದ್ದಕ್ಕಾ?’

‘ಹೌದು ಅಕ್ಕಾ. ಗುರುವಾರವೇ ಗೊತ್ತಿತ್ತು.’

ಅವಳು ಕಾಫಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಭಾವನನ್ನು ಕರೆದಳು. ಅವರು ಬರುವ ತನಕ ನಾನು ತೂತಿನ ಒಳಗಿನ ಹಳದಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ.